ಉಪವಾಸದ ದಿನವೇ ಮನೆಯಲ್ಲಿ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗಂಡ-ಹೆಂಡತಿ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಮೊದಲು ಬಂದವರು ಹೆಂಡತಿ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಗಂಡನದು ಬೀಜ-ಗೊಬ್ಬರದ ಅಂಗಡಿ. ಮೆಥೊಡಿಸ್ಟ್ ಎಂಬ ಕ್ರೈಸ್ತ ಸಭೆಯ ಕುಟುಂಬ. ಅವರು ಹೇಳುವ ಲೆಂಟ್ ಎಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಕಾಲ.

“ಲೆಂಟ್ ಬಂತಂದ್ರ ನನಗ ಎದಿ ಢವಢವ ಅಂತೈತ್ರಿ ಮೇಡಂ. ಮಧ್ಯಾಹ್ನ ಮೂರು ದಾಟಿತಂದ್ರ ನಮ್ಮ ಮನಿಯವ್ರ ಮುಂದ ಯಾರೂ ಹಾಯಂಗಿಲ್ಲ. ಮೊನ್ನಿ ರೊಟ್ಟಿ ಬಡಿಯೋ ಸಪ್ಪಳಕ್ಕ ಸಿಟ್ಟಿಗೆದ್ದು ಹಿಟ್ಟಿನ ಪರಾತ ಒಗದ್ರು.”

ಕೈ ಮಾಡಿದ್ದಾರಾ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಆದರೆ ಹನ್ನೊಂದು ವರ್ಷದ ಮಗನಿಗೂ ಶುಕ್ರವಾರ ಬುತ್ತಿ ಕಟ್ಟಗೊಡುತ್ತಿರಲಿಲ್ಲ. ಹುಡುಗ ಶಾಲೆಯಲ್ಲಿ ತಲೆ ತಿರುಗಿ ಕೂತಿದ್ದ. ಲೆಂಟ್ ಮುಗಿಯುವವರೆಗೆ ಗಂಡ ಹಾಸಿಗೆಯನ್ನು ಗೋಡೌನಿಗೆ ಒಯ್ದಿದ್ದರು, ಹೆಂಡತಿಯನ್ನು ಒಂದು ಮಾತೂ ಕೇಳದೆ.

ಮುಂದಿನ ವಾರ ಗಂಡನೂ ಬಂದರು. ತುಟಿ ಒಣಗಿತ್ತು. ರಾಯಚೂರಿನ ಆ ಬಿಸಿಲಲ್ಲಿ ಸಂಜೆವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ. “ನಾನು ದೇವರ ಕೆಲಸಾನ ಮಾಡಾಕತ್ತೀನಿ ಅಕ್ಕಾರೆ. ಇದರಾಗ ತಪ್ಪೇನೈತಿ?”

ತಪ್ಪು ಹುಡುಕುವ ಮೊದಲು ಯಾಕೆ ಉಪವಾಸ ಎಂದು ಕೇಳಿದೆ. ಉತ್ತರ ಬರಲು ಹೊತ್ತು ಹಿಡಿಯಿತು. ಹತ್ತಿ, ಮೆಣಸಿನಕಾಯಿ ಬೆಳೆದ ರೈತರಿಗೆ ಕೊಟ್ಟ ಉದ್ರಿ ವಾಪಸ್ ಬಂದಿಲ್ಲ, ಬ್ಯಾಂಕಿನ ಕಂತು ನಿಂತಿದೆ. ನಲವತ್ತು ದಿನ ಒಂದೂ ತಪ್ಪದೆ ಮುಗಿಸಿದರೆ ಸಾಲ ಹರಿಯುತ್ತದೆ ಎಂದು ಯಾರೋ ಉಪವಾಸ ಪ್ರಾರ್ಥನೆಯಲ್ಲಿ ಹೇಳಿದ್ದರಂತೆ. ಹಾಗಾಗಿ ಮನೆಯ ಸಣ್ಣ ಸದ್ದೂ ಅವರಿಗೆ ವ್ರತ ಕೆಡಿಸುವ ಅಡ್ಡಿಯಾಗಿತ್ತು. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಆಕೆಗೆ ಸಾಲದ ಮೊತ್ತ ಗೊತ್ತಾದದ್ದು ನನ್ನ ಕೋಣೆಯಲ್ಲೇ.

ಬೈಬಲ್ ಕೊಟ್ಟು ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಗಟ್ಟಿಯಾಗಿ ಓದಲು ಹೇಳಿದೆ. ನಾವು ಉಪವಾಸ ಮಾಡಿದರೂ ನೀನೇಕೆ ನೋಡಲಿಲ್ಲ ಎಂದು ಜನ ದೇವರನ್ನು ಕೇಳುವ ಭಾಗವದು. ಉಪವಾಸದ ದಿನವೂ ಆಳುಗಳನ್ನು ಹಿಂಡಿ ದುಡಿಸಿಕೊಳ್ಳುತ್ತೀರಿ, ಜಗಳ ತೆಗೆಯುತ್ತೀರಿ ಎಂಬುದು ದೇವರ ಉತ್ತರ. ಅಲ್ಲಿಗೆ ಬಂದು ಓದು ನಿಂತಿತು.

“ಹಮಾಲರ ಬಟವಾಡೆ ಹೆಂಗ ಮಾಡ್ತೀರಿ?” ಎಂದೆ.

“ಶನಿವಾರದ್ದು ಸೋಮವಾರಕ್ಕ ಹಾಕೀನ್ರಿ. ಉಪವಾಸದಾಗ ರೊಕ್ಕದ ಲೆಕ್ಕ ಬ್ಯಾಡಂತ.”

“ಭಾನುವಾರ ಅವರ ಮನ್ಯಾಗ ಏನ್ ಮಾಡ್ತಾರ?” ಎಂದು ಹೆಂಡತಿ ಕೇಳಿದರು. ಆ ಪ್ರಶ್ನೆ ನನ್ನ ಬಾಯಲ್ಲೂ ಇತ್ತು. ಆಕೆ ಕೇಳಿದ್ದೇ ಒಳ್ಳೆಯದಾಯಿತು.

ನಾನು ಹೇಳಿದ್ದಿಷ್ಟು. ಊಟ ಬಿಟ್ಟು ದೇವರ ಕೈ ಹಿಡಿದೆಳೆಯಲು ಆಗುವುದಿಲ್ಲ. ಬೈಬಲಿನ ರಾಜ ದಾವೀದ ಕಾಯಿಲೆ ಬಿದ್ದ ತನ್ನ ಮಗುವಿಗಾಗಿ ನೆಲದ ಮೇಲೆ ಬಿದ್ದು ಉಪವಾಸ ಮಾಡಿದ, ಮಗು ಉಳಿಯಲಿಲ್ಲ. ಆತ ಎದ್ದು ಮುಖ ತೊಳೆದು, ದೇವರಿಗೆ ನಮಸ್ಕರಿಸಿ, ಊಟಕ್ಕೆ ಕೂತ. ಹೊಟ್ಟೆ ಖಾಲಿ ಇಟ್ಟಾಗ ಹಸಿದವರ ಪಾಡು ನಮ್ಮ ಮೈಗೇ ತಿಳಿಯುತ್ತದೆ. ಅನ್ನ ಹಂಚಿಕೊಳ್ಳಿ, ಸ್ವಂತ ರಕ್ತಸಂಬಂಧಿಗಳಿಗೆ ಮುಖ ತಪ್ಪಿಸಬೇಡಿ ಎಂದು ಅದೇ ಅಧ್ಯಾಯ ಕೇಳುತ್ತದೆ. ಉಪವಾಸ ನಮ್ಮನ್ನು ಅಷ್ಟು ದೂರ ನಡೆಸದಿದ್ದರೆ ಅದು ಬರೀ ಹಸಿವು, ಇದು ನನ್ನ ಗಟ್ಟಿ ನಂಬಿಕೆ.

ಕೂಲಿಯ ವಿಷಯದಲ್ಲಿ ನಾನು ಬಿಗಿಯಾಗಿಯೇ ಇದ್ದೆ. ಸೂರ್ಯ ಮುಳುಗುವ ಮೊದಲೇ ಕೂಲಿ ಕೊಡಬೇಕು ಎಂದು ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ, ಬಡವನ ಜೀವ ಅದರ ಮೇಲೇ ಇರುತ್ತದಲ್ಲ. ಶನಿವಾರ ಬಟವಾಡೆ ಮುಗಿಸಿಯೇ ಪ್ರಾರ್ಥನೆಗೆ ಕೂರಿ, ಬಿಟ್ಟ ಊಟದ ಖರ್ಚನ್ನು ಬೇರೆ ತೆಗೆದಿಟ್ಟು ಹಸಿದ ಮನೆಗೆ ಮುಟ್ಟಿಸಿ ಎಂದೆ. ನೀರು ಕುಡಿಯಲೇಬೇಕು, ಒಂದು ಹೊತ್ತು ಬಿಟ್ಟರೆ ಸಾಕು. ಮಗನಿಗೆ ಉಪವಾಸ ಬೇಡವೇ ಬೇಡ. ಕಥೋಲಿಕ ಸಭೆಯ ನಿಯಮದಲ್ಲೂ ಉಪವಾಸದ ಕಟ್ಟು 18 ತುಂಬಿದ ಮೇಲೆಯೇ. ಹುಡುಗ ಬೇಕಿದ್ದರೆ ಮಿಠಾಯಿ ದುಡ್ಡು ಉಳಿಸಲಿ. ಬೇರೆ ಮಲಗುವುದು ಇಬ್ಬರೂ ಒಪ್ಪಿ, ಸ್ವಲ್ಪ ಕಾಲಕ್ಕೆ ಮಾತ್ರ ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ ಹೇಳಿದ್ದಾನೆ, ಹಾಗಾಗಿ ಹಾಸಿಗೆ ಮನೆಗೆ ಬರಲಿ ಎಂದೆ. ಪರಾತ ಒಗೆದದ್ದಕ್ಕೆ ಹೆಂಡತಿಯ ಹತ್ತಿರ ಕ್ಷಮೆ ಕೇಳಲೂ ಹೇಳಿದೆ. ಆಕೆಗೆ ಬೇರೆಯಾಗಿ ಹೇಳಿದ್ದು: ಸಿಟ್ಟು ಮತ್ತೆ ವಸ್ತು ಒಗೆಯುವವರೆಗೆ ಹೋದರೆ ಮಗನನ್ನು ಕರಕೊಂಡು ತವರಿಗೆ ನಡೆಯಿರಿ, ನನಗೆ ಫೋನ್ ಮಾಡಿ, ಸಹಿಸಿಕೊಳ್ಳುವುದನ್ನು ಪ್ರಾರ್ಥನೆ ಎಂದುಕೊಳ್ಳಬೇಡಿ.

ಈಸ್ಟರ್ ಕಳೆದ ಮೇಲೆ ಮತ್ತೆ ಬಂದರು. ಬಟವಾಡೆ ಶನಿವಾರವೇ ಆಗುತ್ತಿದೆ, ಹುಡುಗ ಬುತ್ತಿ ಒಯ್ಯುತ್ತಿದ್ದಾನೆ. ಕ್ಷಮೆ ಕೇಳಲು ಅವರಿಗೆ ಎರಡು ವಾರ ಬೇಕಾಯಿತು ಎಂದು ಹೆಂಡತಿ ಹೇಳಿದರು. ಉದ್ರಿ ಇನ್ನೂ ಬಂದಿಲ್ಲ. ಕಂತಿನ ಅವಧಿ ವಿಸ್ತರಿಸಲು ಕೇಳಬೇಕೆಂದು ಸಾಲದ ಕಾಗದಪತ್ರ ಹಿಡಿದು ಇಬ್ಬರೂ ಕೂಡಿಯೇ ಬ್ಯಾಂಕಿಗೆ ಹೊರಟಿದ್ದಾರೆ.