ಒಂದೇ ಹನಿ ಖಾರ, ಅಷ್ಟೇ ಅಲ್ವಾ?

ಟೆಕ್ಸಾಸ್‌ನಿಂದ ಪತ್ರ ಬರೆದ ಸೋದರಿಗೆ ನಮಸ್ಕಾರ.

ನಿಮ್ಮ ಪಕ್ಕದ ಮನೆಯಾಕೆ, ನಾಲ್ಕು ವರ್ಷದ ಮಗ ಕೆಟ್ಟ ಮಾತಾಡಿದಾಗಲೆಲ್ಲ ನಾಲಿಗೆಗೆ ಒಂದು ಹನಿ ಹಾಟ್ ಸಾಸ್ (ಮೆಣಸಿನಕಾಯಿಯ ಖಾರದ ಸಾಸ್) ಹಚ್ಚುತ್ತಾರೆ ಎಂದು ಬರೆದಿದ್ದೀರಿ. ನೀವು ಸಂಕಟಪಟ್ಟರೆ ನಿಮ್ಮ ಅತ್ತೆಯವರು, "ನಾವೂ ಬಾಯಿಗೆ ಖಾರದಪುಡಿ ಹಾಕೇ ಮಕ್ಕಳನ್ನು ತಿದ್ದಿದ್ದು" ಎಂದರಂತೆ. ಹೊಡೆಯುವುದಕ್ಕಿಂತ ಇದೇ ವಾಸಿ ಅಲ್ವಾ ಎಂಬುದು ನಿಮ್ಮ ಪ್ರಶ್ನೆ.

ವಾಸಿ ಅಲ್ಲ. ಇದೂ ಹೊಡೆತವೇ, ಬಾಸುಂಡೆ ಕಾಣುವುದಿಲ್ಲ ಅಷ್ಟೆ.

ಆ ತಾಯಿಗೆ ಈ ಯೋಚನೆ ಸುಮ್ನೆ ಬಂದಿಲ್ಲ. ಅಮೆರಿಕದಲ್ಲಿ ಇದಕ್ಕೆ 'ಹಾಟ್ ಸಾಸಿಂಗ್' ಎಂಬ ಹೆಸರೇ ಇದೆ. ಟಿವಿ ನಟಿ ಲೀಸಾ ವೆಲ್ಚೆಲ್ 2000ದಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಸಲಹೆಯಾಗಿ ಕೊಟ್ಟಿದ್ದರು. ಆಮೇಲೆ ಅಲಾಸ್ಕಾದ ಒಬ್ಬ ತಾಯಿ, ದತ್ತು ಮಗನ ಬಾಯಿಗೆ ಸಾಸ್ ಹಾಕಿ ತಣ್ಣೀರಿನ ಶವರ್ ಕೆಳಗೆ ನಿಲ್ಲಿಸಿದ್ದು ಟಿವಿಯಲ್ಲೇ ಬಂತು. ಜನ ಸಿಟ್ಟಾದರು. 2011ರಲ್ಲಿ ಆಕೆ ತಪ್ಪಿತಸ್ಥೆ ಎಂದು ಅಲ್ಲಿನ ಆಂಕರೇಜ್ ನಗರದಲ್ಲಿ ತೀರ್ಪಾಯಿತು.

ಮೆಣಸಿನಕಾಯಿಯ ಖಾರ ಒಂದು ರುಚಿ ಅಲ್ಲ. ಅದರಲ್ಲಿರುವ ಕ್ಯಾಪ್ಸೈಸಿನ್, ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರಗಳನ್ನೇ ಮುಟ್ಟುತ್ತದೆ. ಇದು ಹೇಗೆಂದು ತೋರಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅಂದರೆ ಆ ಮಗುವಿನ ಮೆದುಳಿಗೆ ಹೋಗುವ ಸುದ್ದಿ 'ಖಾರ' ಅಂತಲ್ಲ, 'ಸುಡ್ತಿದೆ' ಅಂತ.

ನನ್ನ ತಮ್ಮನಿಗೆ ಐದು ವರ್ಷ ಇದ್ದಾಗ ಸುಳ್ಳು ಹೇಳಿದ ಅಂತ ನಮ್ಮ ಮನೆಯಲ್ಲೂ ಬಾಯಿಗೆ ಖಾರದಪುಡಿ ಹಾಕಿದ್ದರು. ಅವನು ಬಾಯಿ ಒರೆಸಿಕೊಂಡ ಕೈಯಲ್ಲೇ ಕಣ್ಣುಜ್ಜಿಕೊಂಡ. ಆ ರಾತ್ರಿಯ ಅವನ ಅಳು ನನಗೆ ಈಗಲೂ ಕೇಳಿಸುತ್ತದೆ. ಏನು ಸುಳ್ಳು ಹೇಳಿದ್ದ ಎಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಅವನಿಗೂ.

ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ. ಒಂದು ಮಾತು ಮಾತ್ರ ನೆನಪಿಸಿ. ಮಗು ಉಪ್ಪಿನಕಾಯಿ ಕೇಳಿದರೆ, ಹೋಳನ್ನು ನೀರಲ್ಲಿ ತೊಳೆದು ತಟ್ಟೆಗೆ ಹಾಕುವವರು ನಮ್ಮ ಅಜ್ಜಿಯರು. ಸಾರು ಖಾರವಾದರೆ ತುಪ್ಪ ಬಿಟ್ಟು ಕಲಸಿ ತಿನ್ನಿಸುವವರು. ಮಗು 'ಆ' ಅಂತ ಬಾಯಿ ತೆರೆಯುವುದು ಆ ಕೈಯನ್ನು ನಂಬಿ. ಅದೇ ಕೈ ಶಿಕ್ಷೆ ಕೊಡಲು ಬಾಯಿ ತೆರೆಸಿದರೆ ಮಗು ಯಾರನ್ನು ನಂಬಬೇಕು? ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಇಲ್ಲೇ.

ನಾಲ್ಕು ವರ್ಷದ ಮಗುವಿಗೆ ಕೆಟ್ಟ ಮಾತಿನ ಅರ್ಥ ಗೊತ್ತಿರುವುದಿಲ್ಲ. ಆ ಮಾತಿಗೆ ದೊಡ್ಡವರು ಬೆಚ್ಚಿಬೀಳುತ್ತಾರೆ ಎಂಬುದು ಗೊತ್ತಿರುತ್ತದೆ. ನಗಬೇಡಿ, ಕಿರುಚಬೇಡಿ. "ನಮ್ಮನೇಲಿ ಹೀಗೆ ಮಾತಾಡಲ್ಲ, ಸಿಟ್ಟು ಬಂದ್ರೆ ಸಿಟ್ಟು ಬಂದಿದೆ ಅನ್ನು" ಎಂದು ಪ್ರತಿ ಸಲ ಅಷ್ಟನ್ನೇ ಹೇಳಬೇಕು. ವಾರಗಟ್ಟಲೆ ಹೇಳಬೇಕಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ, ಮಕ್ಕಳಿಗೆ ಹೊಡೆಯುವುದೂ ಬೇಡ, ಅವಮಾನಿಸುವುದೂ ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ನೆರೆಯಾಕೆಗೆ ನಮ್ಮ ಮಾತಿಗಿಂತ ಅವರ ಮಗುವಿನ ಡಾಕ್ಟರ ಮಾತು ನಾಟಬಹುದು. ಒಮ್ಮೆ ಕೇಳಿ ನೋಡಿ ಎಂದು ಸ್ನೇಹದಿಂದಲೇ ಹೇಳಿ.

ಅಷ್ಟರೊಳಗೆ ಆ ಹುಡುಗ ಅಳುತ್ತಾ ನಿಮ್ಮ ಮನೆಗೆ ಬಂದರೆ ನೀರು ಕೊಟ್ಟು ಪ್ರಯೋಜನವಿಲ್ಲ, ಈ ಖಾರ ನೀರಲ್ಲಿ ಕರಗುವುದಿಲ್ಲ. ತಣ್ಣನೆ ಹಾಲು ಇಲ್ಲವೇ ಮೊಸರು ಕೊಡಿ. ಮೊದಲು ಅವನ ಕೈಗಳನ್ನು ಸೋಪು ಹಾಕಿ ತೊಳೆಯಿರಿ. ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಕಾಯದೆ ತುರ್ತು ಸಹಾಯದ 911ಕ್ಕೆ ಕರೆ ಮಾಡಿ.