ಸೌದಿಯಲ್ಲಿ ಇವತ್ತು ಈದ್, ಮೈಸೂರಿನಲ್ಲಿ ನಾಳೆ. ಚಂದ್ರ ಒಬ್ಬನೇ ಅಲ್ವಾ?

ಚಂದ್ರ ಒಬ್ಬನೇ, ಆದರೆ ಸಂಜೆ ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ. ಇಸ್ಲಾಮಿಕ್ ತಿಂಗಳು ಶುರುವಾಗುವುದು ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಣ್ಣಿಗೆ ಬಿದ್ದಾಗ. ಅಮಾವಾಸ್ಯೆಯಲ್ಲಿ ಚಂದ್ರ ಸೂರ್ಯನ ಪಕ್ಕದಲ್ಲೇ ಇರುತ್ತಾನೆ. ಆಮೇಲೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ದೂರ ಸರಿಯುತ್ತಾನೆ. ಅಂತರ ಸುಮಾರು 7 ಡಿಗ್ರಿಗಿಂತ ಕಡಿಮೆ ಇದ್ದರೆ ಬರಿಗಣ್ಣಿಗೆ ಏನೂ ಕಾಣದು. ಮೆಕ್ಕಾದಲ್ಲಿ ಸೂರ್ಯ ಮುಳುಗುವುದು ನಮಗಿಂತ ಸುಮಾರು ಎರಡೂವರೆ ಗಂಟೆ ತಡವಾಗಿ. ಅಷ್ಟರಲ್ಲಿ ಚಂದ್ರ ಇನ್ನೂ ಒಂದು ಡಿಗ್ರಿ ದಾಟಿರುತ್ತಾನೆ. ಎಷ್ಟೋ ಸಲ ಅಷ್ಟೇ ಸಾಕು.

ಇಸ್ಲಾಮಿಕ್ ತಿಂಗಳ 29ನೇ ದಿನದ ಸಂಜೆ ಚಾಮುಂಡಿ ಬೆಟ್ಟದಿಂದ ಪಶ್ಚಿಮಕ್ಕೆ ನೋಡಿ. ಕಂಡರೆ, ಕೆಂಪು ಬಾನಿನಲ್ಲಿ ಉಗುರಿನ ಅಂಚಿನಂಥ ಗೆರೆ, ಅದೂ ಜಾಸ್ತಿ ಹೊತ್ತು ನಿಲ್ಲದು. ಮೋಡ ಮುಚ್ಚಿ, ಬೇರೆ ಊರಿಂದಲೂ ಕಂಡ ಸುದ್ದಿ ಬರದಿದ್ದರೆ ತಿಂಗಳಿಗೆ 30 ದಿನ ತುಂಬಿಸುತ್ತಾರೆ.