ತಟ್ಟೆ ಖಾಲಿ ಮಾಡುವುದು ಆಮೇಲೆ, ಮೊದಲು ಡಾಕ್ಟರ್ ಹತ್ತಿರ ಹೋಗಿ

ಕುಂಬಳೆಯಿಂದ ಬಂದ ಈ ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದವರ ಮೇಲಲ್ಲ. ಅವರ ಅತ್ತೆಯ ಮೇಲೂ ಅಲ್ಲ.

ವಿಷಯ ಇಷ್ಟು. ಬರೆದವರು ಟೀಚರ್. 10 ತಿಂಗಳ ಹಿಂದೆ ಮಂಗಳೂರಿನಲ್ಲಿ ತೂಕ ಇಳಿಸುವ ಸ್ಲೀವ್ ಸರ್ಜರಿ ಮಾಡಿಸಿಕೊಂಡರು. ತೂಕ ಇಳಿದಿದೆ, ಮಂಡಿನೋವು ಕಮ್ಮಿಯಾಗಿದೆ. ಗಂಡನ ಮನೆಯವರಿಗೆ ಮಾತ್ರ ಗೊತ್ತಿಲ್ಲ. "ಪಿತ್ತಕೋಶದ ಕಲ್ಲು ತೆಗೆಸಿದ್ದು" ಅಂತ ಗಂಡನೇ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಭಾನುವಾರ ಮನೆಮಂದಿಯೆಲ್ಲ ಕಾಸರಗೋಡು ಪೇಟೆಗೆ ಹೋಗಿ ಹೋಟೆಲಿನಲ್ಲಿ ಉಣ್ಣುವುದು ರೂಢಿ. ಅಲ್ಲಿ ಅತ್ತೆ "ಎಂತದು, ಇಷ್ಟೇನಾ ತಿನ್ನುವುದು?" ಅಂತ ಬಿರಿಯಾನಿ ಬಡಿಸುತ್ತಲೇ ಇರುತ್ತಾರೆ. ಅತ್ತೆಯ ಬಾಯಿ ಮುಚ್ಚಿಸುವುದು ಹೇಗೆ ಅಂತ ಇವರ ಪ್ರಶ್ನೆ.

ಪತ್ರದ ನಡುವೆ, ಲೆಕ್ಕಕ್ಕೇ ಇಲ್ಲದ ಮಾತಿನ ಹಾಗೆ, ಹೀಗೊಂದು ಸಾಲಿದೆ: "ಯಾರಿಗೂ ಗೊತ್ತಾಗಬಾರದು ಅಂತ ಬೇಗ ಬೇಗ ನುಂಗಿ, ಬಿಸಿನೀರು ಕುಡಿದು ಒಳಗೆ ತಳ್ಳುತ್ತೇನೆ. ಆಮೇಲೆ ವಾಶ್‌ರೂಮಿನಲ್ಲಿ ನೊರೆನೊರೆಯಾಗಿ ವಾಂತಿಯಾದರೆ ಹಗುರವಾಗುತ್ತದೆ. ಈಗೀಗ ಮನೆಯಲ್ಲೂ ಹಾಗೇ. ಅಭ್ಯಾಸವಾಗಿದೆ."

ಅಭ್ಯಾಸವಂತೆ! ತಂಗಿ, ನೀವು ಕೇಳಬೇಕಾಗಿದ್ದು ಇದನ್ನು.

ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಸಣ್ಣ ಕೊಳವೆ. ಅಗಿಯದೆ ನುಂಗಿದ ಅನ್ನ, ಪರೋಟ ಅಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಅದರ ಮೇಲೆ ನೀರು ಬೇರೆ ಸುರಿದರೆ ಜಾಗ ಎಲ್ಲಿದೆ? ಆತುರಕ್ಕೆ ಆಗುವ ವಾಂತಿಯಾದರೆ ನಿಧಾನವಾಗಿ ತಿಂದರೆ ನಿಲ್ಲುತ್ತದೆ. ಆದರೆ ಆ ಕೊಳವೆಯೇ ಎಲ್ಲೋ ಕಿರಿದಾಗಿದ್ದರೂ ಹೀಗೇ ಆಗುತ್ತದೆ. ಅದನ್ನು ನೀವೂ ಹೇಳಲಾರಿರಿ, ನಾನೂ ಹೇಳಲಾರೆ, ಪರೀಕ್ಷೆ ಮಾಡಿಯೇ ನೋಡಬೇಕು. ಮತ್ತೆ ಮತ್ತೆ ವಾಂತಿಯಾದರೆ ದೇಹದಲ್ಲಿ ವಿಟಮಿನ್ ಬಿ1 ಬರಿದಾಗುತ್ತದೆ. ಬಿ1 ಇಲ್ಲದಿದ್ದರೆ ನರಕ್ಕೆ, ಮಿದುಳಿಗೆ ಪೆಟ್ಟು. ಕಾಲು ಜೋಮು ಹಿಡಿಯುವುದು, ನಡೆಯುವಾಗ ತಡವರಿಸುವುದು, ಒಂದು ಎರಡಾಗಿ ಕಾಣುವುದು, ಇದರಲ್ಲಿ ಯಾವುದಾದರೂ ಶುರುವಾಗಿದ್ದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ.

ಇನ್ನು ಅತ್ತೆ. ನನಗೆ ಅವರ ಮೇಲೆ ಪಾಪ ಅನಿಸುತ್ತದೆ. ಕಲ್ಲು ತೆಗೆಸಿಕೊಂಡ ಸೊಸೆ 10 ತಿಂಗಳಾದರೂ ಉಣ್ಣುತ್ತಿಲ್ಲ, ದಿನದಿನಕ್ಕೆ ಇಳಿಯುತ್ತಿದ್ದಾಳೆ. ಯಾವ ಹಿರಿಯರು ಸುಮ್ನಿರುತ್ತಾರೆ? ದೊಡ್ಡ ಕಾಯಿಲೆಯೇ ಇರಬೇಕು ಅಂತ ಅವರು ಒಳಗೊಳಗೇ ಹೆದರಿರಲೂಬಹುದು. (ಬೇಡ ಅಂದ ಮೇಲೂ ಬಡಿಸುವುದನ್ನು ನಾನು ಪ್ರೀತಿ ಅಂತ ಯಾವತ್ತೂ ಒಪ್ಪಿಲ್ಲ, ಅದು ಬೇರೆ ಮಾತು.)

ನನ್ನ ಸಿಟ್ಟು ಗಂಡನ ಮೇಲೆ. "ಒಳ್ಳೆಯವರು, ಯಾರೂ ನೋಡದಾಗ ನನ್ನ ತಟ್ಟೆಯಿಂದ ಎರಡು ತುತ್ತು ತೆಗೆದುಕೊಳ್ಳುತ್ತಾರೆ" ಅಂತ ಬರೆದಿದ್ದೀರಿ. ಎಷ್ಟು ಉಪಕಾರ ಮಾರಾಯ್ರೆ! ಸುಳ್ಳು ಹುಟ್ಟಿಸಿದ್ದು ಅವರು, ಪಕ್ಕದಲ್ಲೇ ಕೂತು ಬಿರಿಯಾನಿ ಚಪ್ಪರಿಸುವುದೂ ಅವರೇ. ವಾಂತಿ ಮಾಡುವುದು ಮಾತ್ರ ನೀವು. ನನ್ನ ಹಳೇ ರಾಗ ಈ ಅಂಕಣ ಓದುವವರಿಗೆ ಗೊತ್ತು: ಮನೆಯ ಮರ್ಯಾದೆಗೆ ಅಂತ ಹೇಳಿದ ಸುಳ್ಳನ್ನು ಹೆಂಗಸರ ಮೈಯೇ ಹೊರಬೇಕಾಗುತ್ತದೆ.

ಹಾಗಾಗಿ ನಿಮಗೆ ಒಂದೇ ಕೆಲಸ. ಈ ವಾರವೇ ರಜೆ ಹಾಕಿ, ಸರ್ಜರಿ ಮಾಡಿದ ಡಾಕ್ಟರನ್ನು ನೋಡಿ, ವಾಂತಿಯ ವಿಷಯ ಪೂರ್ತಿ ಹೇಳಿ. ಅಲ್ಲಿವರೆಗೆ ಹೋಟೆಲ್ ಇಲ್ಲ. ಕಾರು ಗಂಡ ಓಡಿಸಲಿ. ವಾಪಸ್ ಬಂದು ನೀವು ಒಪ್ಪಿದಷ್ಟನ್ನು ಅವರ ಅಮ್ಮನಿಗೆ ಅವರೇ ಹೇಳಲಿ. ಊರಿಗೆಲ್ಲ ಸಾರುವುದು ಬೇಡ, ಅತ್ತೆಗೆ ಗೊತ್ತಾದರೆ ಸಾಕು.

ಡಾಕ್ಟರ್ ಸರಿ ಅಂದ ಮೇಲೆ ಹೋಟೆಲಿಗೆ ಧಾರಾಳವಾಗಿ ಹೋಗಿ. ಬೇರೆಯವರು ಬಾಯಿ ಬಿಡುವ ಮೊದಲೇ ನಿಮ್ಮದನ್ನು ನೀವೇ ಆರ್ಡರ್ ಮಾಡಿ. ಬಂಗುಡೆ ಗಸಿ ಅಥವಾ ಮೊಟ್ಟೆ, ಜೊತೆಗೆ ಒಂದು ನೀರುದೋಸೆ. ಮುಳ್ಳು ಬಿಡಿಸಿಕೊಂಡು ಮೊದಲು ಮೀನು ತಿನ್ನಿ, ಪ್ರೋಟೀನ್ ಹೊಟ್ಟೆಗೆ ಹೋಗಲಿ. ಹೊಟ್ಟೆಯಲ್ಲಿ ಜಾಗ ಇದ್ದರೆ ದೋಸೆ. ಕಾಸರಗೋಡಿನ ಹೋಟೆಲುಗಳಲ್ಲಿ ಕೂತ ತಕ್ಷಣ ಬಿಸಿಬಿಸಿ ಕೆಂಪು ನೀರು ತಂದಿಡುತ್ತಾರಲ್ಲ, ಆ ಲೋಟವನ್ನು ದೂರ ಸರಿಸಿ. ನೀರು ಏನಿದ್ದರೂ ಊಟವಾಗಿ ಅರ್ಧ ಗಂಟೆ ಬಿಟ್ಟು. ಸೋಡಾ ಶರಬತ್ತು ಬೇಡವೇ ಬೇಡ. ಉಳಿದದ್ದು ಪಾರ್ಸೆಲ್.

ವಿಟಮಿನ್ ಮಾತ್ರೆ ಮುಗಿದು ತಿಂಗಳಾಯಿತು, ಮತ್ತೆ ತರಲಿಲ್ಲ ಅಂತ ಕೊನೆಗೆ ಬರೆದಿದ್ದೀರಿ. ಈ ಸರ್ಜರಿಯಾದವರು ಅದನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಡಾಕ್ಟರ್ ಹತ್ತಿರ ಹೋಗುವಾಗ ಆ ಖಾಲಿ ಸ್ಟ್ರಿಪ್ ಕೂಡ ಬ್ಯಾಗಿಗೆ ಹಾಕಿಕೊಳ್ಳಿ, ಬಿ12, ಕಬ್ಬಿಣದ ರಕ್ತಪರೀಕ್ಷೆಯೂ ಅವತ್ತೇ ಆಗಲಿ.